ಹೊಲಿಗೆ ಹಾಕುವ ಮೊದಲು ಮಾತ್ರೆ ಚೀಲ ಕೇಳುತ್ತೇನೆ

ಮಲೆನಾಡಿನ ಮಳೆಗಾಲ ಅಂದರೆ ನಮ್ಮ ಆಸ್ಪತ್ರೆಗೆ ಬಿದ್ದು ಬರುವವರ ಕಾಲ. ಅಂಗಳದಲ್ಲಿ ಹಾವಸೆ ಕಟ್ಟಿರುತ್ತದೆ. ಬಚ್ಚಲಿನ ಕಲ್ಲು ಜಾರುತ್ತದೆ. ಕೊಟ್ಟಿಗೆಯ ದಾರಿಗೆ ಅಡಿಕೆ ದಬ್ಬೆ ಹಾಸಿದ್ದರೂ, ನಸುಕಿನಲ್ಲಿ ಹಾಲು ಕರೆಯಲು ಹೊರಟವರ ಕಾಲು ಒಂದು ದಿನ ದಬ್ಬೆ ತಪ್ಪುತ್ತದೆ. ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು 14 ವರ್ಷದಿಂದ ತುರ್ತು ಚಿಕಿತ್ಸೆ ನೋಡುತ್ತಿದ್ದೇನೆ. ರಕ್ತ ಸುರಿಸಿಕೊಂಡು ಬಂದವರಿಗೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿರುತ್ತದೆ. ನನಗೆ ಭಯ ಇನ್ನೊಂದು ಥರದವರ ಬಗ್ಗೆ. ಹುಬ್ಬಿನ ಮೇಲೆ ಸಣ್ಣ ಗಾಯ, ಅದಕ್ಕೊಂದು ಕರ್ಚೀಫು ಒತ್ತಿಕೊಂಡು, ತಾವೇ ನಡೆದು ಬಂದು, ನಗುತ್ತಾ ಮಾತಾಡುತ್ತಾ ಕೂರುತ್ತಾರೆ. ಮನೆಯ ಗೂಡಿನಲ್ಲಿ ರಕ್ತ ತೆಳು ಮಾಡುವ ಮಾತ್ರೆ ಇರುತ್ತದೆ. ಅದನ್ನು ಅವರು ಹೇಳುವುದಿಲ್ಲ. ನಾವು ಕೇಳುವುದಿಲ್ಲ.

ಕೇಳದೇ ಇದ್ದವರಲ್ಲಿ ನಾನೂ ಒಬ್ಬ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಸಂಜೆ ನಾಲ್ಕರ ಹೊತ್ತಿಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಬಚ್ಚಲಲ್ಲಿ ಜಾರಿ ಹಂಡೆಯ ಕಟ್ಟೆಗೆ ಹಣೆ ಬಡಿದಿತ್ತು. ಪ್ರಜ್ಞೆ ತಪ್ಪಿರಲಿಲ್ಲ, ವಾಂತಿ ಇಲ್ಲ. ಬಿಪಿ ಇದೆಯಾ ಅಂದೆ, ಇಲ್ಲ ಅಂದರು. ಶುಗರ್? ಇಲ್ಲ. ಎರಡೂ ನಿಜವೇ. ಮೂರು ಹೊಲಿಗೆ ಹಾಕಿದೆ. ನೋವಿಗೆ ಅಂತ ಸೊಂಟಕ್ಕೆ ಒಂದು ಡೈಕ್ಲೋಫೆನಾಕ್ ಇಂಜೆಕ್ಷನ್ ಬರೆದೆ. ಐದು ದಿನ ಬಿಟ್ಟು ಹೊಲಿಗೆ ಬಿಚ್ಚಿಸಲು ಬನ್ನಿ ಅಂತ ಕಳಿಸಿದೆ.

ರಾತ್ರಿ ಹನ್ನೊಂದಕ್ಕೆ ಜೀಪಿನಲ್ಲಿ ಹೊತ್ತು ತಂದರು. ಎರಡು ಸಲ ವಾಂತಿಯಾಗಿತ್ತು. ಕರೆದರೆ ಕಣ್ಣು ತೆರೆಯುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ಇಸಿಜಿ ತೆಗೆಯಲು ನರ್ಸಮ್ಮ ಸೆರಗು ಸರಿಸಿದಾಗ ಕಂಡಿತು. ಕುತ್ತಿಗೆಯ ಗುಳಿಯಿಂದ ಎದೆಯ ನಡುವೆ ನೇರವಾಗಿ ಇಳಿದ ಗೀರು. ಹಳೆಯದು, ಬಿಳುಪಾದದ್ದು. ಸ್ಟೆತಾಸ್ಕೋಪ್ ಇಟ್ಟೆ. ಕೈಗಡಿಯಾರದ ಹಾಗೆ, ಲೋಹದ ಟಿಕ್ ಟಿಕ್. ಹೃದಯದ ವಾಲ್ವ್ ಬದಲಾಯಿಸಿ ಆರು ವರ್ಷ ಆಗಿತ್ತಂತೆ. ದಿನಾ ರಾತ್ರಿ ಅಸಿಟ್ರೋಮ್ ಅನ್ನುವ ರಕ್ತ ತೆಳು ಮಾಡುವ ಮಾತ್ರೆ. ‘ಅದು ಆಪರೇಶನ್ ಆಗಿ ಸರಿ ಹೋಗಿದೆಯಲ್ಲ ಡಾಕ್ಟ್ರೇ, ಕಾಯಿಲೆ ಅಲ್ವಲ್ಲ’ ಅಂದರು ಗಂಡ. ಅವರದೇನೂ ತಪ್ಪಿಲ್ಲ. ನಾನು ಕಾಯಿಲೆ ಕೇಳಿದ್ದೆ, ಮಾತ್ರೆ ಕೇಳಿರಲಿಲ್ಲ.

ಅದಕ್ಕೂ ವಾರದ ಹಿಂದೆ ಭೇದಿ ಅಂತ ಮೆಡಿಕಲ್ ಶಾಪಿನಿಂದ ಮೆಟ್ರೊನಿಡಜೋಲ್ ತಂದು ನುಂಗಿದ್ದರು. ಆ ಮಾತ್ರೆ ಅಸಿಟ್ರೋಮಿನ ಬಲವನ್ನು ಜಾಸ್ತಿ ಮಾಡುತ್ತದೆ. ಶಿವಮೊಗ್ಗದಲ್ಲಿ ನೋಡಿದಾಗ ಐಎನ್‌ಆರ್ 6 ದಾಟಿತ್ತು. ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನ ಅಂತ ಹೇಳುವ ಅಂಕೆ ಅದು. ತಲೆಯಲ್ಲಿ ರಕ್ತ ನಿಂತಿತ್ತು. ಆಪರೇಶನ್ ಆಗಿ ಬದುಕಿದರು. ಆದರೆ ಎಡಗೈ ಹಿಡಿತ ಪೂರ್ತಿ ಮರಳಲಿಲ್ಲ. ಅವರು ಅಡಿಕೆ ಸುಲಿಯುವವರು. ಒಂದು ಕೈಯಲ್ಲಿ ಕಾಯಿ ಒತ್ತಿ ಇನ್ನೊಂದು ಕೈಯಲ್ಲಿ ತಿರುಗಿಸದೆ ಮೆಟ್ಟುಗತ್ತಿಯ ಕೆಲಸ ಆಗುವುದಿಲ್ಲ. ಆ ವರ್ಷದ ಸುಗ್ಗಿಯಲ್ಲಿ ಅವರು ಸುಲಿಯಲು ಕೂರಲಿಲ್ಲ ಅಂತ ಗೊತ್ತಾದ ದಿನದಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು.

ಈಗ ತಲೆಗೆ ಪೆಟ್ಟು ಅಂತ ಯಾರೇ ಬರಲಿ, ಗಾಯದ ಮೇಲೆ ಗಾಜ್ ಇಟ್ಟು ಒತ್ತಿ ಹಿಡಿಯಲು ಹೇಳಿ ಮೊದಲು ಕೇಳುವುದು ಒಂದೇ: ‘ದಿನಾ ತಗೊಳ್ಳೋ ಮಾತ್ರೆ ಯಾವುದು? ಚೀಲ ತಂದಿದ್ದೀರಾ?’ ಮಲೆನಾಡಿನಲ್ಲಿ ಮಾತ್ರೆಗೆ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ, ಬಟ್ಟೆ ಅಂಗಡಿಯದೋ ಜ್ಯುವೆಲರಿಯದೋ. ತಂದಿಲ್ಲ ಅಂದರೆ ಮನೆಯಲ್ಲಿ ಇದ್ದವರಿಗೆ ಫೋನ್ ಮಾಡಿಸಿ, ಸ್ಟ್ರಿಪ್ಪಿನ ಹಿಂಬದಿಯ ಫೋಟೊ ವಾಟ್ಸಾಪ್ ಮಾಡಿಸುತ್ತೇನೆ. ನೆಟ್‌ವರ್ಕ್ ಸಿಗದ ಊರಾದರೆ ಅಕ್ಷರ ಓದಿಸುತ್ತೇನೆ.

‘ರಕ್ತ ತೆಳು ಮಾಡೋ ಮಾತ್ರೆ ಇದೆಯಾ’ ಅಂತ ಮಾತ್ರ ಕೇಳಿದರೆ ಸಾಲದು ಅಂತ ಬೇಗ ಗೊತ್ತಾಯಿತು. ಅರ್ಧ ಜನ ಇಲ್ಲ ಅನ್ನುತ್ತಾರೆ, ಅವರಿಗೆ ಅದು ‘ಹಾರ್ಟಿನ ಮಾತ್ರೆ’. ಹಾಗಾಗಿ ಸುತ್ತಿ ಬಳಸಿ ಕೇಳುತ್ತೇನೆ. ಎದೆ ಆಪರೇಶನ್ ಆಗಿದೆಯಾ? ಸ್ಟೆಂಟ್ ಹಾಕಿಸಿದ್ದೀರಾ? ಲಕ್ವ ಹೊಡೆದಿತ್ತಾ? ಕಾಲಲ್ಲಿ ರಕ್ತ ಗಡ್ಡೆ ಕಟ್ಟಿತ್ತಾ? ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಹೆಚ್ಚು ಕಮ್ಮಿ ಮಾಡ್ತಾರಾ? ‘ಒಂದು ದಿನ ಒಂದು, ಇನ್ನೊಂದು ದಿನ ಅರ್ಧ’ ನುಂಗುವ ಮಾತ್ರೆ ಇದೆಯಾ? ಈ ಕೊನೆಯ ಪ್ರಶ್ನೆಗೆ ಹೌದು ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಮೇಲೆ ಎದೆ ನೋಡುತ್ತೇನೆ. ಗಾಯ ಹಣೆಯದೇ ಇರಲಿ, ಗುಂಡಿ ಬಿಚ್ಚಿಸಿ ನೋಡುತ್ತೇನೆ. ನಾಡಿ ಹಿಡಿಯುತ್ತೇನೆ. ತಾಳ ತಪ್ಪಿ ಓಡುವ ನಾಡಿ ಇದ್ದರೆ ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ಹೃದಯದ ತೊಂದರೆ ಇರಬಹುದು, ಅದಕ್ಕೆ ಮಾತ್ರೆಯೂ ಇರಬಹುದು. ತೋಳು ತೊಡೆಯಲ್ಲಿ ನೀಲಿ ಕಲೆ ಇದೆಯಾ ಅಂತಲೂ ನೋಡುತ್ತೇನೆ.

ಹೆಸರಿನ ಬಗ್ಗೆ ಒಂದು ಮಾತು. ‘ರಕ್ತ ತೆಳು’ ಅಂದಕೂಡಲೇ ಸಾರಿಗೆ ನೀರು ಬೆರೆಸಿದ ಹಾಗೆ ರಕ್ತ ನೀರಾಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ. ರಕ್ತ ಎಷ್ಟು ಗಟ್ಟಿ ಇತ್ತೋ ಅಷ್ಟೇ ಇರುತ್ತದೆ. ಹೆಪ್ಪುಗಟ್ಟುವುದು ಮಾತ್ರ ನಿಧಾನವಾಗುತ್ತದೆ. ಹಾಲಿಗೆ ಹೆಪ್ಪು ಕಡಿಮೆ ಬಿದ್ದರೆ ಮೊಸರಾಗಲು ಹೊತ್ತು ಹಿಡಿಯುತ್ತದಲ್ಲ, ಹಾಗೆ. ವಾರ್ಫರಿನ್, ಅಸಿಟ್ರೋಮ್ ಮಾತ್ರೆಗಳು ವಿಟಮಿನ್ ಕೆ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಆಗ ಯಕೃತ್ತು ತಯಾರಿಸುವ ನಾಲ್ಕು ಹೆಪ್ಪುಗಾರ ಅಂಶಗಳ ಬಲ ಕುಗ್ಗುತ್ತದೆ. ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಹೊಸ ಕಾಲದವು. ಅವು ಆ ಸರಪಳಿಯ ಒಂದೊಂದು ಕೊಂಡಿಯನ್ನು ನೇರವಾಗಿ ಹಿಡಿಯುತ್ತವೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಕೆಲಸ ಬೇರೆ. ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟದ ಹಾಗೆ ಮಾಡುತ್ತವೆ.

ಹೈನು ಮಾಡುವ ಮನೆಯವರಿಗೆ ನಾನು ಈ ಮಾತ್ರೆ ಹುಟ್ಟಿದ ಕಥೆ ಹೇಳುತ್ತೇನೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಹಳ್ಳಿಗಳಲ್ಲಿ ದನಗಳು ಸಣ್ಣ ಗಾಯಕ್ಕೇ ರಕ್ತ ಸುರಿದು ಸಾಯುತ್ತಿದ್ದವು. ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಅನ್ನುವ ಹುಲ್ಲು ತಿಂದದ್ದೇ ಕಾರಣ. 1933ರ ಚಳಿಗಾಲದಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ದನದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ವಿಸ್ಕಾನ್ಸಿನ್‌ನ ಕಾರ್ಲ್ ಲಿಂಕ್ ಅನ್ನುವ ವಿಜ್ಞಾನಿಯ ಪ್ರಯೋಗಾಲಯಕ್ಕೆ ತಂದ. ಅಲ್ಲಿಂದ ಶುರುವಾದ ಹುಡುಕಾಟದಲ್ಲಿ ವಾರ್ಫರಿನ್ ಸಿಕ್ಕಿತು. ಮೊದಲು ಇಲಿ ಪಾಷಾಣ ಆಯಿತು. 1954ರಲ್ಲಿ ಮನುಷ್ಯರ ಔಷಧ ಆಯಿತು. ದನ ಕಟ್ಟಿದವರಿಗೆ ಈ ಕಥೆ ಕೂಡಲೇ ಮನಸ್ಸಿಗೆ ಇಳಿಯುತ್ತದೆ. ಔಷಧವೂ ಅದೇ, ವಿಷವೂ ಅದೇ, ನಡುವೆ ಇರುವುದು ಪ್ರಮಾಣ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ತಲೆಯ ಪೆಟ್ಟಿಗೇ ಯಾಕೆ ಇಷ್ಟು ಭಯ? ಕಾಲಿಗೆ ಪೆಟ್ಟಾಗಿ ಒಳಗೆ ರಕ್ತ ಸೋರಿದರೆ ಕಾಲು ಊದುತ್ತದೆ, ಜಾಗ ಕೊಡುತ್ತದೆ. ತಲೆಬುರುಡೆ ಊದುವುದಿಲ್ಲ. ಒಳಗೆ ಸೋರಿದ ರಕ್ತ ಮೆದುಳನ್ನೇ ಒತ್ತುತ್ತದೆ. ಅದರಲ್ಲೂ ವಯಸ್ಸಾದವರ ವಿಷಯ ಬೇರೆ. ಎಳೆಗಾಯಿಯಲ್ಲಿ ತಿರುಳು ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಒಣಗಿ ಕೊಬ್ಬರಿಯಾದಾಗ ಗಿಟುಕು ಚಿಪ್ಪು ಬಿಟ್ಟು ಒಳಗೆ ಗಡಗಡ ಅನ್ನುತ್ತದೆ. ವಯಸ್ಸಾದ ಮೆದುಳೂ ಸ್ವಲ್ಪ ಹಾಗೆಯೇ ಕುಗ್ಗುತ್ತದೆ. ಮೆದುಳಿಂದ ಮೇಲಿನ ಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದು ಬಿಗಿಯಾಗಿರುತ್ತವೆ. ಸಣ್ಣ ಕುಲುಕಾಟಕ್ಕೂ ಹರಿಯಬಹುದು. ಬೇರೆಯವರಲ್ಲಿ ಅದು ಎರಡು ಹನಿಗೆ ನಿಲ್ಲುತ್ತದೆ. ಈ ಮಾತ್ರೆ ತಗೊಳ್ಳುವವರಲ್ಲಿ ನಿಲ್ಲದೆ ಸೋರಬಹುದು. ಹೊರಗಿನ ಗಾಯ ದೊಡ್ಡದಿತ್ತೋ ಸಣ್ಣದಿತ್ತೋ ಅನ್ನುವುದಕ್ಕೂ ಒಳಗಿನ ಸೋರಿಕೆಗೂ ಸಂಬಂಧ ಕಟ್ಟಬಾರದು.

ಸಿಟಿ ಸ್ಕ್ಯಾನ್ ಯಾರಿಗೆ ಮಾಡಿಸಬೇಕು ಅನ್ನುವುದಕ್ಕೆ ವೈದ್ಯರ ಬಳಿ ಕೆಲವು ನಿಯಮಗಳಿವೆ. 2001ರಲ್ಲಿ ಬಂದ ಕೆನಡಾದ ನಿಯಮ ಪ್ರಪಂಚದ ಹಲವು ಕಡೆ ಬಳಕೆಯಲ್ಲಿದೆ. ಪ್ರಜ್ಞೆ ಸರಿ ಇದೆ, ಪದೇ ಪದೇ ವಾಂತಿ ಇಲ್ಲ, ವಯಸ್ಸು 65ರ ಒಳಗೆ, ಹಾಗಾದರೆ ಸ್ಕ್ಯಾನ್ ಬೇಡ ಅನ್ನುವ ಥರದ್ದು. ಆದರೆ ರಕ್ತ ತೆಳು ಮಾಡುವ ಮಾತ್ರೆಯವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಅವರಿಗೆ ಆ ನಿಯಮ ಹಿಡಿದು ‘ಏನೂ ಆಗಲ್ಲ ಹೋಗಿ’ ಅನ್ನುವ ಹಾಗಿಲ್ಲ. ಕಿರಿಯ ವೈದ್ಯರಿಗೆ ನಾನು ಮೊದಲ ದಿನವೇ ಇದನ್ನು ಹೇಳುತ್ತೇನೆ. ಬ್ರಿಟನ್ನಿನ 2023ರ ಮಾರ್ಗಸೂಚಿ ಬೇರೆ ಲಕ್ಷಣ ಇಲ್ಲದಿದ್ದರೂ ಈ ಮಾತ್ರೆಯವರಿಗೆ ಪೆಟ್ಟಾದ 8 ಗಂಟೆಯೊಳಗೆ ಸ್ಕ್ಯಾನ್ ಯೋಚಿಸಿ ಅನ್ನುತ್ತದೆ. ಬರೀ ಆಸ್ಪಿರಿನ್ ಒಂದನ್ನೇ ತಗೊಳ್ಳುವವರನ್ನು ಅದರಿಂದ ಹೊರಗಿಟ್ಟಿದೆ.

ಸ್ಟೆಂಟ್ ಹಾಕಿಸಿದವರು ನುಂಗುವ ಕ್ಲೊಪಿಡೊಗ್ರೆಲ್ ಥರದ ಮಾತ್ರೆ ಹಗುರ ಅಂದುಕೊಂಡಿದ್ದವನು ನಾನು. ಅಮೆರಿಕದಲ್ಲಿ ತಲೆಗೆ ಪೆಟ್ಟಾಗಿ ಬಂದ ಸಾವಿರದಷ್ಟು ಜನರನ್ನು ಹಿಂಬಾಲಿಸಿದ 2012ರ ಅಧ್ಯಯನ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ವಾರ್ಫರಿನ್ ತಗೊಳ್ಳುತ್ತಿದ್ದವರಲ್ಲಿ 5.1 ಶೇಕಡಾ ಜನರಿಗೆ ಮೊದಲ ಸ್ಕ್ಯಾನಿನಲ್ಲೇ ರಕ್ತ ಕಂಡಿತ್ತು. ಕ್ಲೊಪಿಡೊಗ್ರೆಲ್‌ನವರಲ್ಲಿ 12 ಶೇಕಡಾ. ಅದೇ ಅಧ್ಯಯನದಲ್ಲಿ ಸಮಾಧಾನದ ಸಂಗತಿಯೂ ಇತ್ತು. ಮೊದಲ ಸ್ಕ್ಯಾನ್ ಸರಿ ಇದ್ದ ಮೇಲೆ ತಡವಾಗಿ ರಕ್ತ ಸೋರಿದ್ದು ವಾರ್ಫರಿನ್‌ನವರಲ್ಲಿ 0.6 ಶೇಕಡಾ ಮಾತ್ರ. ಹಾಗಾಗಿ ಸ್ಕ್ಯಾನ್ ಸ್ವಚ್ಛವಾಗಿದ್ದರೆ ಪ್ರತಿಯೊಬ್ಬರಿಗೂ ಎರಡನೇ ಸ್ಕ್ಯಾನ್ ಬರೆಯುವುದಿಲ್ಲ. ಐಎನ್‌ಆರ್ ತುಂಬ ಏರಿದವರು, ಎರಡೆರಡು ಥರದ ಮಾತ್ರೆ ತಗೊಳ್ಳುವವರು, ಮನೆಯಲ್ಲಿ ಒಬ್ಬರೇ ಇರುವವರು, ಮನೆ ಕಾಡಿನ ನಡುವೆ ಇದ್ದು ರಾತ್ರಿ ಜೀಪು ಸಿಗದವರು, ಇವರನ್ನು ಮಾತ್ರ 24 ಗಂಟೆ ಇಟ್ಟುಕೊಳ್ಳುತ್ತೇನೆ.

ನಮ್ಮಲ್ಲಿ ಸ್ಕ್ಯಾನ್ ಇಲ್ಲ. ಶಿವಮೊಗ್ಗಕ್ಕೆ 70 ಕಿಲೋಮೀಟರ್. ಕಡು ಮಳೆಯಲ್ಲಿ ರಸ್ತೆ ಮೇಲೆ ಮರ ಬಿದ್ದರೆ ಮುಗಿಯಿತು. ಆದ್ದರಿಂದ ನನ್ನ ನಿರ್ಧಾರ ಬೇಗ ಆಗಬೇಕು. ‘ಸ್ವಲ್ಪ ಹೊತ್ತು ನೋಡೋಣ, ವಾಂತಿ ಮಾಡಿದರೆ ಕಳಿಸೋಣ’ ಅನ್ನುವುದನ್ನು ಇಂಥವರ ವಿಷಯದಲ್ಲಿ ಬಿಟ್ಟುಬಿಟ್ಟೆ. ವಾಂತಿ ಶುರುವಾದ ಮೇಲೆ ಹೊರಟರೆ ದಾರಿಯೇ ಒಂದೂವರೆ ಎರಡು ಗಂಟೆ. ಚೆನ್ನಾಗಿ ಮಾತಾಡುತ್ತಿರುವಾಗಲೇ ಕಳಿಸುತ್ತೇನೆ. ಮನೆಯವರು ಒಪ್ಪುವುದು ಕಷ್ಟ. ‘ಇಷ್ಟು ಸಣ್ಣ ಗಾಯಕ್ಕೆ ಶಿವಮೊಗ್ಗವಾ?’ ಅನ್ನುತ್ತಾರೆ. ಆಗ ಎದುರು ಕೂತು ಗಿಟುಕಿನ ಕಥೆ ಹೇಳುತ್ತೇನೆ. ಐದು ನಿಮಿಷ ಹೋಗುತ್ತದೆ, ಹೋಗಲಿ.

ಕಳಿಸುವ ಮೊದಲು ಇಲ್ಲೇ ಮಾಡುವ ಕೆಲಸ ಕೆಲವಿವೆ. ಗಾಯವನ್ನು ಗಡಿಯಾರ ನೋಡಿ ಹತ್ತು ನಿಮಿಷ ಒತ್ತಿಸುತ್ತೇನೆ. ನಡುವೆ ತೆಗೆದು ಇಣುಕುವಂತಿಲ್ಲ. ಆಮೇಲೆ ಬಿಗಿಯಾಗಿ ಹೊಲಿಗೆ. ಮಾಂಸಖಂಡಕ್ಕೆ ನೋವಿನ ಇಂಜೆಕ್ಷನ್ ಕೊಡುವುದಿಲ್ಲ, ಚುಚ್ಚಿದ ಜಾಗದಲ್ಲೇ ಒಳಗೆ ರಕ್ತ ಗಡ್ಡೆ ಕಟ್ಟಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಯೂ ಬೇಡ. ಪ್ಯಾರಸಿಟಮಾಲ್ ಸಾಕು. ಧನುರ್ವಾಯು ಇಂಜೆಕ್ಷನ್ ಕೊಡಲೇಬೇಕಾದರೆ ಸಣ್ಣ ಸೂಜಿಯಲ್ಲಿ ಕೊಟ್ಟು ಐದು ನಿಮಿಷ ಒತ್ತಿ ಹಿಡಿಯುತ್ತೇವೆ. ಪ್ರಜ್ಞೆಯ ಅಂಕ, ಅಂದರೆ 15ಕ್ಕೆ ಎಷ್ಟು ಅನ್ನುವುದನ್ನು, ಎರಡೂ ಕಣ್ಣಿನ ಪಾಪೆಯ ಅಳತೆಯನ್ನು ಗಂಟೆ ಸಮೇತ ಬರೆಯುತ್ತೇನೆ. ಅದಕ್ಕಿಂತ ಮೇಲೆ, ಚೀಟಿಯ ತುದಿಯಲ್ಲಿ ಕೆಂಪು ಪೆನ್ನಿನಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಸಲ ನುಂಗಿದ್ದು ಎಷ್ಟು ಗಂಟೆಗೆ, ಯಾಕಾಗಿ ಕೊಟ್ಟಿದ್ದಾರೆ. ಈ ನಾಲ್ಕು ಸಾಲು ಇಲ್ಲದೆ 108 ಆಂಬ್ಯುಲೆನ್ಸಿನ ಬಾಗಿಲು ಹಾಕಬೇಡಿ ಅಂತ ನರ್ಸುಗಳಿಗೆ ಹೇಳಿದ್ದೇನೆ.

ಗಂಟೆ ಯಾಕೆ ಅಂದರೆ, ಹೊಸ ಮಾತ್ರೆಗಳ ಲೆಕ್ಕ ಗಂಟೆಯದ್ದು. ಮೂತ್ರಪಿಂಡ ಸರಿ ಇದ್ದರೆ ಸುಮಾರು 12 ಗಂಟೆಗೆ ಅವುಗಳ ಅಂಶ ಅರ್ಧಕ್ಕೆ ಇಳಿಯುತ್ತದೆ. ಐಎನ್‌ಆರ್ ಪರೀಕ್ಷೆಯಲ್ಲಿ ಅವು ಸರಿಯಾಗಿ ತಿಳಿಯುವುದೂ ಇಲ್ಲ. ‘ಐಎನ್‌ಆರ್ ನಾರ್ಮಲ್ ಇದೆ, ಏನೂ ತೊಂದರೆ ಇಲ್ಲ’ ಅಂತ ಅಪಿಕ್ಸಬಾನ್ ತಗೊಳ್ಳುವವರಿಗೆ ಹೇಳಿದರೆ ದೊಡ್ಡ ತಪ್ಪು. ಅಂಥದ್ದೊಂದು ಚೀಟಿ ಹಿಡಿದು ನನ್ನ ಬಳಿ ಬಂದವರನ್ನು ನೋಡಿದ್ದೇನೆ.

ಸ್ಕ್ಯಾನಿನಲ್ಲಿ ರಕ್ತ ಕಂಡರೆ ಮಾತ್ರೆಯ ಬಲ ಮುರಿಯಬೇಕು. ವಾರ್ಫರಿನ್, ಅಸಿಟ್ರೋಮ್‌ಗೆ ವಿಟಮಿನ್ ಕೆ 10 ಮಿಲಿಗ್ರಾಂ, ರಕ್ತನಾಳಕ್ಕೆ ನಿಧಾನವಾಗಿ. ಅದು ಅಗ್ಗ, ನಮ್ಮಲ್ಲೂ ಇದೆ. ಆದರೆ ಯಕೃತ್ತು ಹೊಸದಾಗಿ ಹೆಪ್ಪುಗಾರ ಅಂಶ ತಯಾರಿಸಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಅಲ್ಲಿವರೆಗೆ ಆ ಅಂಶಗಳನ್ನೇ ತಂದು ಕೊಡಬೇಕು. ಪಿಸಿಸಿ ಅನ್ನುವ ಪುಡಿ ರೂಪದ ಔಷಧ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಬೆಲೆ ಮಾತ್ರ ಹತ್ತಾರು ಸಾವಿರ ಆಗಿಬಿಡುತ್ತದೆ. ಅದಿಲ್ಲದ ಕಡೆ ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ ದ್ರವ ಹಾಕುತ್ತಾರೆ. ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿಟ್ಟ ಚೀಲ ಕರಗಿಸಲು ಅರ್ಧ ಗಂಟೆ, ರಕ್ತದ ಗುಂಪು ನೋಡಬೇಕು, ಮೇಲಾಗಿ ಲೀಟರ್ ಹತ್ತಿರ ದ್ರವ ಒಳಗೆ ಹೋಗುತ್ತದೆ. ದುರ್ಬಲ ಹೃದಯದವರಿಗೆ ಅದು ಉಸಿರು ಕಟ್ಟಿಸಬಹುದು. ಡಾಬಿಗಾಟ್ರಾನ್‌ಗೆ ಇಡಾರುಸಿಜುಮ್ಯಾಬ್ ಅನ್ನುವ ಅದಕ್ಕಾಗಿಯೇ ತಯಾರಾದ ಪ್ರತಿಮದ್ದು ಇದೆ, 5 ಗ್ರಾಂ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗೆ ಇಂಥದ್ದು ಯಾವುದೂ ಇಲ್ಲ. ಪ್ಲೇಟ್‌ಲೆಟ್ ಹಾಕಿದರೆ ಸರಿ ಹೋಗುತ್ತದೆ ಅಂತ ಅಂದುಕೊಂಡಿದ್ದೆವು. ಪೆಟ್ಟಿಲ್ಲದೆ ತಾನಾಗಿ ಮೆದುಳಲ್ಲಿ ರಕ್ತ ಸೋರಿದವರ ಮೇಲೆ 2016ರಲ್ಲಿ ಬಂದ ಅಧ್ಯಯನದಲ್ಲಿ, ಪ್ಲೇಟ್‌ಲೆಟ್ ಹಾಕಿದವರಿಗೇ ಹೆಚ್ಚು ತೊಂದರೆ ಆಗಿತ್ತು. ಅಂದಿನಿಂದ ಎಲ್ಲರೂ ಕೈ ಬಿಗಿ ಹಿಡಿದಿದ್ದಾರೆ. ತಲೆಗೆ ಪೆಟ್ಟಾದವರಿಗೆ ಮೊದಲ 3 ಗಂಟೆಯೊಳಗೆ ಕಟ್ಟಿದ ಹೆಪ್ಪು ಕರಗದ ಹಾಗೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರೆ ಕೆಲವರಿಗೆ ಅನುಕೂಲ ಅಂತ 2019ರ ಕ್ರಾಶ್-3 ಅಧ್ಯಯನ ಹೇಳಿತು. ಅದು ನಮ್ಮ ಕಪಾಟಿನಲ್ಲೂ ಇದೆ. ವಾಲ್ವ್ ಇರುವವರಿಗಾದರೆ ಕೊಡುವ ಮೊದಲು ಮೇಲಿನ ಆಸ್ಪತ್ರೆಗೆ ಫೋನ್ ಮಾಡಿ ಕೇಳುತ್ತೇನೆ.

ಇದೆಲ್ಲ ಅದೇ ದಿನ ಕಾಣುವ ಸೋರಿಕೆ. ನನಗೆ ಹೆಚ್ಚು ಪಾಠ ಕಲಿಸಿದ್ದು ವಾರಗಟ್ಟಲೆ ಅಡಗಿ ಕೂರುವ ಇನ್ನೊಂದು.

ಎಪ್ಪತ್ತೊಂದರ ಅಡಿಕೆ ಬೆಳೆಗಾರರೊಬ್ಬರು. ಸ್ಟೆಂಟ್ ಹಾಕಿಸಿಕೊಂಡು ಎಂಟು ತಿಂಗಳು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ನಡೆಯುತ್ತಿತ್ತು. ಮಗ ಕರೆದುಕೊಂಡು ಬಂದದ್ದು ‘ಅಪ್ಪನಿಗೆ ಅರಳು ಮರಳು ಶುರುವಾಗಿದೆ, ನಿದ್ದೆಗೆ ಏನಾದರೂ ಕೊಡಿ’ ಅಂತ. ಲೆಕ್ಕ ತಪ್ಪದ ಮನುಷ್ಯ ಕೊಳೆ ಔಷಧಕ್ಕೆ ಬಂದ ಆಳುಗಳಿಗೆ ಎರಡು ಸಲ ಕೂಲಿ ಕೊಟ್ಟಿದ್ದರಂತೆ. ಸಂಜೆಯಾದರೆ ಸಿಡುಕು. ಬೆಳಿಗ್ಗೆ ತಲೆನೋವು. ಅವರು ವರಾಂಡದಿಂದ ನನ್ನ ಕೋಣೆಗೆ ನಡೆದು ಬರುವಾಗ ನಾನು ನೋಡಿದೆ. ಬಲಗಾಲಿನ ಹವಾಯಿ ಚಪ್ಪಲಿ ಹೊಸಲಿನ ಹತ್ತಿರವೇ ಕಳಚಿ ಉಳಿಯಿತು. ಅವರಿಗೆ ಗೊತ್ತೇ ಆಗಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿ. ಹಾಗೆಯೇ ಬಂದು ಕೂತರು. ಎರಡೂ ಕೈ ಮುಂದೆ ಚಾಚಿ ಅಂಗೈ ಮೇಲೆ ಮಾಡಿ ಕಣ್ಣು ಮುಚ್ಚಿ ಅಂದೆ. ಹತ್ತು ಎಣಿಸುವುದರೊಳಗೆ ಬಲಗೈ ಮೆಲ್ಲಗೆ ಒಳಗೆ ತಿರುಗಿ ಕೆಳಗಿಳಿಯಿತು.

ತಲೆಗೆ ಪೆಟ್ಟಾಗಿತ್ತಾ ಅಂದರೆ ಇಲ್ಲ ಅಂದರು. ಹೆಂಡತಿ ನೆನಪು ಮಾಡಿಕೊಂಡರು. ಐದು ವಾರದ ಹಿಂದೆ ಅಟ್ಟದಿಂದ ಇಳಿದು ಬರುವಾಗ ಬಾಗಿಲ ದಾರಂದಕ್ಕೆ ತಲೆ ತಾಗಿತ್ತು. ಹಳೆ ಮನೆ, ಬಗ್ಗಿ ನಡೆಯಬೇಕಾದ ಬಾಗಿಲು. ರಕ್ತ ಬಂದಿರಲಿಲ್ಲ. ಕೊಬ್ಬರಿ ಎಣ್ಣೆ ತಿಕ್ಕಿ ಮರೆತಿದ್ದರು. ಸ್ಕ್ಯಾನಿನಲ್ಲಿ ಎಡಬದಿಯಲ್ಲಿ ಬುರುಡೆಗೆ ಅಂಟಿದಂತೆ ಬಾಳೆಹಣ್ಣಿನ ಆಕಾರದ ಕಪ್ಪು ಪಟ್ಟಿ. ಹೊಸ ರಕ್ತ ಸ್ಕ್ಯಾನಿನಲ್ಲಿ ಬಿಳಿ ಕಾಣುತ್ತದೆ, ಹಳೆಯದಾದಂತೆ ಕಪ್ಪಾಗುತ್ತದೆ. ಬುರುಡೆಗೆ ಎರಡು ತೂತು ಮಾಡಿ ಹೊರ ತೆಗೆದರು. ಆಪರೇಶನ್ ಕೋಣೆಯಲ್ಲಿದ್ದ ಗೆಳೆಯರು ಆಮೇಲೆ ಹೇಳಿದರು, ಬಂದ ದ್ರವ ನಮ್ಮ ಅಡಿಕೆ ಬೇಯಿಸಿದ ಚೊಗರಿನ ಹಾಗೇ ಇತ್ತಂತೆ, ಕಂದುಗಪ್ಪು, ತೆಳ್ಳಗೆ. ಮೂರನೇ ದಿನಕ್ಕೆ ಆ ಹಿರಿಯರು ಮಗನ ಹತ್ತಿರ ಕೊಳೆ ಔಷಧದ ಬಾಕಿ ಲೆಕ್ಕ ಕೇಳಿದರು.

ಆ ಚಪ್ಪಲಿ ನನ್ನ ಕಣ್ಣ ಮುಂದೆ ಇನ್ನೂ ಇದೆ. ವಯಸ್ಸಾದವರು ಇದ್ದಕ್ಕಿದ್ದಂತೆ ಮಂಕಾದರೆ, ನಡಿಗೆ ಬದಲಾದರೆ, ‘ಅರವತ್ತಕ್ಕೆ ಅರಳು ಮರಳು’ ಅಂತ ಬಿಟ್ಟುಬಿಡುತ್ತೇವೆ. ನಿಜವಾದ ಮರೆವು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಮೂರು ನಾಲ್ಕು ವಾರದಲ್ಲಿ ಬಂದ ಬದಲಾವಣೆಗೆ ಬೇರೆ ಕಾರಣ ಇರುತ್ತದೆ. ಆಗ ಹಿಂದಿನ ಎರಡು ಮೂರು ತಿಂಗಳ ಬೀಳುವಿಕೆ, ತಾಗುವಿಕೆ ಎಲ್ಲ ಕೆದಕಿ ಕೇಳುತ್ತೇನೆ. ಹೆಂಗಸರನ್ನು ಕೇಳುವುದು ಒಳ್ಳೆಯದು, ಮನೆಯಲ್ಲಿ ಯಾರ ತಲೆ ಎಲ್ಲಿ ತಾಗಿತು ಅಂತ ಅವರಿಗೆ ನೆನಪಿರುತ್ತದೆ.

ಮನೆಗೆ ಕಳಿಸುವವರಿಗೆ ಒಂದು ಹಾಳೆ ಕೊಡುತ್ತೇನೆ. ಮೊದಲು ಅಚ್ಚು ಹಾಕಿಸಿದ್ದು ಆಸ್ಪತ್ರೆಯ ಭಾಷೆಯಲ್ಲಿತ್ತು, ಯಾರೂ ಓದಲಿಲ್ಲ. ಆಮೇಲೆ ನಮ್ಮ ಆಯಾಗಳ ಹತ್ತಿರವೇ ಕೂತು, ಅವರು ಹೇಳುವ ಮಾತಿನಲ್ಲೇ ಬರೆದೆ. ತಲೆನೋವು ಹೊತ್ತು ಹೋದಂತೆ ಜಾಸ್ತಿ ಆದರೆ, ಎರಡನೇ ಸಲ ವಾಂತಿ ಆದರೆ, ಮಾತು ತೊದಲಿದರೆ, ಕೈಯಿಂದ ಲೋಟ ಜಾರಿದರೆ, ಬಾಯಿ ಒಂದು ಕಡೆ ಎಳೆದರೆ, ಫಿಟ್ಸ್ ಬಂದರೆ, ಕಿವಿ ಮೂಗಲ್ಲಿ ನೀರು ರಕ್ತ ಬಂದರೆ, ಹಗಲು ಹೊತ್ತು ಎಬ್ಬಿಸಿದರೂ ಮತ್ತೆ ಮತ್ತೆ ನಿದ್ದೆಗೆ ಜಾರಿದರೆ, ಕಾಯಬೇಡಿ, 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾದವರನ್ನು ನಿದ್ದೆ ಮಾಡಲು ಬಿಡಬಾರದು ಅಂತ ನಮ್ಮ ಕಡೆ ನಂಬಿಕೆ ಇದೆ. ಸುಮ್ನೆ ಕೂರಿಸಿ ಸುಸ್ತು ಮಾಡುತ್ತಾರೆ. ಮಲಗಲಿ. ಮೊದಲ ರಾತ್ರಿ ಎರಡು ಗಂಟೆಗೊಮ್ಮೆ ಎಬ್ಬಿಸಿ ಮೊಮ್ಮಗುವಿನ ಹೆಸರು ಕೇಳಿ, ಎರಡೂ ಕೈಯಲ್ಲಿ ನಿಮ್ಮ ಬೆರಳು ಹಿಂಡಲು ಹೇಳಿ, ಸರಿ ಇದ್ದರೆ ಮತ್ತೆ ಮಲಗಿಸಿ.

ಈ ಮಾತೆಲ್ಲ ಕೇಳಿ ಹೆದರಿ ಮಾತ್ರೆ ಬಿಟ್ಟವರನ್ನೂ ಕಂಡಿದ್ದೇನೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ನೆಂಟರೊಬ್ಬರಿಗೆ ಮೆದುಳಲ್ಲಿ ರಕ್ತ ಸೋರಿತು ಅಂತ ಕೇಳಿ, ವಾಲ್ವ್ ಹಾಕಿಸಿಕೊಂಡಿದ್ದ ಮೂವತ್ತೆಂಟರ ಯುವಕ ಹದಿನೈದು ದಿನ ಮಾತ್ರೆ ನಿಲ್ಲಿಸಿದ. ನಮ್ಮ ಬಳಿ ಬಂದಾಗ ಉಸಿರು ಕಟ್ಟಿತ್ತು. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಆ ಟಿಕ್ ಟಿಕ್ ಸದ್ದು ಇರಲಿಲ್ಲ, ಮಂದವಾದ ಗುಸುಗುಸು ಇತ್ತು. ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿ ಬಾಗಿಲು ಸಿಕ್ಕಿಕೊಂಡಿತ್ತು. ಬೆಂಗಳೂರಿಗೆ ತಲುಪುವ ಮೊದಲೇ ತೀರಿಕೊಂಡ. ಲೋಹದ ವಾಲ್ವಿಗೆ ಈ ಮಾತ್ರೆ ಜೀವನಪೂರ್ತಿ ಬೇಕು. ನಾಡಿಯ ತಾಳ ತಪ್ಪಿದವರಿಗೆ ಲಕ್ವ ಹೊಡೆಯುವ ಸಾಧ್ಯತೆ ಐದು ಪಟ್ಟು, ವಾರ್ಫರಿನ್ ಅದರಲ್ಲಿ ಸುಮಾರು ಮೂರನೇ ಎರಡು ಭಾಗ ತಪ್ಪಿಸುತ್ತದೆ. ‘ಅಮ್ಮ ಪದೇ ಪದೇ ಬೀಳ್ತಾರೆ, ಮಾತ್ರೆ ನಿಲ್ಲಿಸಲಾ?’ ಅಂತ ಬೆಂಗಳೂರಿನಿಂದ ಮಕ್ಕಳು ಫೋನ್ ಮಾಡುತ್ತಾರೆ. 1999ರಲ್ಲಿ ಕೆನಡಾದ ವೈದ್ಯರು ಇದರದ್ದೇ ಲೆಕ್ಕ ಹಾಕಿದ್ದರು. ಮಾತ್ರೆಯ ಅಪಾಯ ಅದರ ಉಪಯೋಗವನ್ನು ಮೀರಬೇಕಾದರೆ ಒಬ್ಬರು ವರ್ಷಕ್ಕೆ ಸುಮಾರು 295 ಸಲ ಬೀಳಬೇಕು ಅಂತ ಬಂತು. ಅದು ಕಾಗದದ ಮೇಲಿನ ಲೆಕ್ಕ, ಆದರೂ ದಾರಿ ತೋರಿಸುತ್ತದೆ. ಬೀಳುತ್ತಾರೆ ಅಂದರೆ ಬಚ್ಚಲಿಗೆ ಹಿಡಿಕೆ ಹಾಕಿಸಿ, ಹಾವಸೆಗೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ, ರಾತ್ರಿ ಒಂದು ದೀಪ ಉರಿಯಲಿ. ಮಾತ್ರೆ ಬಿಡುವ ಮಾತು ಕೊಟ್ಟ ವೈದ್ಯರ ಹತ್ತಿರವೇ ಆಗಲಿ. ಮೆದುಳಲ್ಲಿ ರಕ್ತ ಬಂದು ಮಾತ್ರೆ ನಿಲ್ಲಿಸಿದವರಿಗೂ ಮತ್ತೆ ಯಾವಾಗ ಶುರು ಮಾಡಬೇಕು ಅಂತ ನರರೋಗದವರು, ಹೃದಯದವರು ಕೂತು ತೀರ್ಮಾನಿಸುತ್ತಾರೆ. ಬಿಡುಗಡೆ ಚೀಟಿಯಲ್ಲಿ ಆ ದಿನಾಂಕ ಇಲ್ಲದಿದ್ದರೆ ನಾನೇ ಫೋನ್ ಮಾಡಿ ಕೇಳಿ ಬರೆಯುತ್ತೇನೆ.

ಸೊಪ್ಪಿನ ವಿಷಯ ಎಲ್ಲರೂ ಕೇಳುತ್ತಾರೆ. ವಾರ್ಫರಿನ್, ಅಸಿಟ್ರೋಮ್ ತಗೊಳ್ಳುವವರು ಸೊಪ್ಪು ಬಿಡಬೇಕಿಲ್ಲ. ವಾರವಾರವೂ ಒಂದೇ ಹದದಲ್ಲಿರಲಿ. ಒಂದು ತಿಂಗಳು ಪೂರ್ತಿ ಬಿಟ್ಟು, ಇನ್ನೊಂದು ತಿಂಗಳು ದಿನಾ ಬಸ್ಸಾರು ಮಾಡಿದರೆ ಐಎನ್‌ಆರ್ ಏರಿಳಿಯುತ್ತದೆ. ಮಂಡಿನೋವಿಗೆ ಸಂತೆಯಲ್ಲಿ ಸಿಗುವ ಪುಡಿ, ಅಂಗಡಿಯಲ್ಲಿ ಕೇಳಿ ತರುವ ಭೇದಿ ಮಾತ್ರೆ, ಇವು ಬೇಡವೇ ಬೇಡ.

ಹೋದ ಶ್ರಾವಣದಲ್ಲಿ ಒಬ್ಬ ಅಜ್ಜಿ ಬಂದರು. ಹಿಂದಿನ ವರ್ಷವೂ ಬಿದ್ದು ಬಂದಿದ್ದವರೇ. ಈ ಸಲ ತುಳಸಿ ಕಟ್ಟೆಯ ಹತ್ತಿರ ಜಾರಿ ತಲೆಯ ಹಿಂಭಾಗ ಒಡೆದಿತ್ತು. ಸೊಸೆ ಟವೆಲ್ ಒತ್ತಿ ಹಿಡಿದಿದ್ದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಅಜ್ಜಿ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿ ಪಕ್ಕಕ್ಕೆ ಸರಿಸಿ, ನಾಲ್ಕು ಮಡಿಕೆ ಮಾಡಿದ ಒಂದು ಕಾರ್ಡು ತೆಗೆದರು. ಹಿಂದಿನ ಸಲ ನಾನೇ ಬರೆದು ಕೊಟ್ಟಿದ್ದು. ಅಸಿಟ್ರೋಮ್ 2 ಮಿಲಿಗ್ರಾಂ, ಮೈಟ್ರಲ್ ವಾಲ್ವ್, ಕೊನೆಯ ಐಎನ್‌ಆರ್ 2.9. ಸುಣ್ಣ ತಾಗಿ ಅಂಚು ಬೆಳ್ಳಗಾಗಿತ್ತು. ‘ನಿನ್ನೆ ರಾತ್ರಿ ಎಂಟಕ್ಕೆ ನುಂಗಿದ್ದು. ಗಾಯ ಆಮೇಲೆ ನೋಡು ಮಗಾ’ ಅಂದರು.

ಶಿವಮೊಗ್ಗದಲ್ಲಿ ಸ್ಕ್ಯಾನ್ ಸ್ವಚ್ಛವಾಗಿತ್ತು. ಐಎನ್‌ಆರ್ 2.7. ಹೃದಯದ ವೈದ್ಯರು ರಾತ್ರಿಯ ಮಾತ್ರೆ ಕೊಡಿ ಅಂದರು. ಮರುದಿನ ಸಂಜೆ ವಾಪಸ್ ಬರುವ ದಾರಿಯಲ್ಲಿ ಆಸ್ಪತ್ರೆಯ ಮುಂದೆ ಜೀಪು ನಿಲ್ಲಿಸಿ, ಇಳಿಯದೆಯೇ ಕಿಟಕಿಯಿಂದ ಕಾರ್ಡು ಚಾಚಿದರು. ಹೊಸ ಐಎನ್‌ಆರ್, ತಾರೀಕು ಬರೆದು ಕೊಟ್ಟೆ. ಮಡಿಸಿ ಸಂಚಿಗೆ ಹಾಕಿಕೊಂಡರು.